ಫೋನ್ ಮಾಡದ ತೊಂಬತ್ತು ನಿಮಿಷ

ಈಗ ಭಯ ನೂರಕ್ಕೆ ಎಷ್ಟಿದೆ ಎಂದು ಅನಘಾ ಕೇಳಿದಾಗ ಚನ್ನಮಲ್ಲಪ್ಪನವರು ಕತ್ತೆತ್ತಿ ಎದುರಿನ ಗೋಡೆಯನ್ನು ನೋಡಿದರು, ಅಲ್ಲಿ ಮೀಟರೊಂದನ್ನು ಕೂರಿಸಿರುವ ಹಾಗೆ. "ತೊಂಬತ್ತೈದು ಬರೀರಿ ಮೇಡಂ" ಎಂದರು. "ನೂರು ಅಂತ ಬರದ್ರ ಮುಂದ ಹೋಗಾಕ ಜಾಗ ಇರೂದಿಲ್ಲ." ಅನಘಾ ತೊಂಬತ್ತೈದು ಎಂದು ಬರೆದಳು. ಹನ್ನೊಂದು ಗಂಟೆ, ಗುರುವಾರ. ಅವರ ಫೋನು ಮೇಜಿನ ಡ್ರಾಯರಿನಲ್ಲಿತ್ತು, ಅವರೇ ತಮ್ಮ ಕೈಯಾರೆ ಇಟ್ಟು ಮುಚ್ಚಿದ್ದು. ಬೀಗ ಹಾಕಿರಲಿಲ್ಲ. ಬೀಗ ಹಾಕಬಾರದು. ಬೇಕೆಂದರೆ ತೆಗೆದುಕೊಳ್ಳಬಹುದು ಎಂಬುದು ಗೊತ್ತಿದ್ದೂ ತೆಗೆದುಕೊಳ್ಳದೆ ಇರುವುದೇ ಇವತ್ತಿನ ಪಾಠ. ತೊಂಬತ್ತು ನಿಮಿಷ ಹೆಂಡತಿಗೆ ಫೋನ್ ಮಾಡದೆ ಕೂರಬೇಕು, ಅಷ್ಟೆ. ಕೆಳಗಿನ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಯಾರೋ ಡಬರಿಗಳನ್ನು ಒಂದರೊಳಗೊಂದು ಇಳಿಸುತ್ತಿದ್ದರು. ಆ ಸದ್ದು ಬಂದಾಗಲೆಲ್ಲ ಅವರ ಭುಜ ಸಣ್ಣಗೆ ಮೇಲೆ ಹೋಗಿ ಬರುತ್ತಿತ್ತು.

ದಿನಕ್ಕೆ ಐದಾರು ಜನರನ್ನು ಅವಳು ಈ ಪ್ರಶ್ನೆ ಕೇಳುತ್ತಾಳೆ. ಲಿಫ್ಟ್ ಹತ್ತಲಾರದ ಬ್ಯಾಂಕ್ ಮ್ಯಾನೇಜರ್ ಎಂಬತ್ತು ಎನ್ನುತ್ತಾನೆ, ಪರೀಕ್ಷೆಯ ಹೆಸರು ಕೇಳಿದರೆ ವಾಂತಿ ಮಾಡುವ ಹುಡುಗಿ ನೂರಾ ಹತ್ತು ಎನ್ನುತ್ತಾಳೆ. ಭಯದಿಂದ ಓಡಿದರೆ ಭಯ ಬೆಳೆಯುತ್ತದೆ, ಎದುರು ಕೂತರೆ ತಾನಾಗಿ ಇಳಿಯುತ್ತದೆ. ಸಿಬಿಟಿ ಎಂದು ಕರೆಯುವ ಈ ಚಿಕಿತ್ಸೆಯ ಅರ್ಧ ಇಷ್ಟೇ. ಇನ್ನರ್ಧ, ತಲೆಗೆ ಬಂದದ್ದನ್ನೆಲ್ಲ ನಿಜವೆಂದು ಒಪ್ಪದೆ ಕಾಗದದ ಮೇಲೆ ಬರೆದು, ಅದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಎಂದು ಲಾಯರಿನ ಹಾಗೆ ಕೇಳುವುದು. ಕ್ಲಿನಿಕ್ಕಿನ ಡಾಕ್ಟರ್ ಪ್ರಭಾ ಹೋದ ವರ್ಷ, ಅವಳ ಗಂಡ ತೀರಿಕೊಂಡ ಮೇಲೆ, ಅವಳಿಗೂ ಒಂದು ಹಾಳೆ ಕೊಟ್ಟಿದ್ದರು. ನೀನೇ ತುಂಬಿಸು, ನನಗೆ ತೋರಿಸಲೇಬೇಕು ಅಂತೇನಿಲ್ಲ ಎಂದಿದ್ದರು. ಅನಘಾ ಅವತ್ತೇ ತುಂಬಿಸಿ ತೋರಿಸಿದಳು. ಯೋಚನೆ: ನಾನು ಫೋನ್ ಎತ್ತಿದ್ದರೆ ಶಿವಕಿರಣ್ ಉಳಿಯುತ್ತಿದ್ದ. ವಿರುದ್ಧ ಸಾಕ್ಷಿ: ಸೆಷನ್ನಿನಲ್ಲಿ ಎತ್ತಬಾರದು ಎಂಬ ನಿಯಮದಿಂದ ಎತ್ತಲಿಲ್ಲ; ಹೃದಯದ ದೊಡ್ಡ ನಾಳವೇ ಮುಚ್ಚಿತ್ತು, ಎತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಇದನ್ನು ಎಷ್ಟು ನಂಬುತ್ತೇನೆ: ನೂರು. ಈಗಿನ ದುಃಖ: ಸೊನ್ನೆ. ಪ್ರಭಾ ಹಾಳೆಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿ ಬರ್ದಿದೀಯ" ಎಂದರು, ಕಾಪಿ ಹೊಡೆದ ಉತ್ತರಪತ್ರಿಕೆಯನ್ನು ಕೈಯಲ್ಲಿ ಹಿಡಿದ ಮೇಷ್ಟರ ದನಿಯಲ್ಲಿ. ಆದರೆ ಅವಳು ಸುಳ್ಳು ಬರೆದಿರಲಿಲ್ಲ. ಸೊನ್ನೆಯೇ ಇತ್ತು. ಹದಿನಾಲ್ಕು ತಿಂಗಳಿಂದ ಬೆಳಿಗ್ಗೆ ಏಳುವುದು, ಬಸವೇಶ್ವರನಗರದಿಂದ ಇಲ್ಲಿಗೆ ಬರುವುದು, ನೂರಕ್ಕೆ ಎಷ್ಟು ಎಂದು ಕೇಳುವುದು, ಹೋಗಿ ಅತ್ತೆ ಮಾಡಿಟ್ಟ ರೊಟ್ಟಿ ತಿನ್ನುವುದು. ರೊಟ್ಟಿ ಬಿಸಿಯಾಗಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ.

ಚನ್ನಮಲ್ಲಪ್ಪನವರ ಬಲಗೈ ಎದೆಯ ಹತ್ತಿರ ಹೋಗಿತ್ತು. ಶರ್ಟಿನೊಳಗೆ ದಾರದಲ್ಲಿ ಇಳಿಬಿಟ್ಟ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬಟ್ಟೆಯ ಮೇಲಿಂದಲೇ ಅದನ್ನು ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಮೊದಲ ಎರಡು ವಾರ ಇದು ಅವಳ ಗಮನಕ್ಕೆ ಬಂದಿರಲಿಲ್ಲ; ಅವಳ ಮನೆಯಲ್ಲೂ ಗಂಡಸರ ಕೈ ಹಾಗೆಯೇ ಹೋಗುತ್ತದೆ. ಮೂರನೆಯ ವಾರ, ಫೋನ್ ಮಾಡದ ಒಂದೊಂದು ಸಲಕ್ಕೂ ಅವರು ಹನ್ನೆರಡು ಸಲ ಶಿವ ಶಿವ ಎನ್ನುತ್ತಾರೆ, ನಡುವೆ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡುತ್ತಾರೆ ಎಂದು ತಿಳಿಯಿತು. ಫೋನಿನ ಬದಲಿಗೆ ಇದು ಬಂದು ಕೂತಿತ್ತು. "ಕೈ ಮೊಣಕಾಲ ಮೇಲೆ ಇಟ್ಕೊಳ್ಳಿ" ಎಂದಳು.

"ಇದನ್ನೂ ಬಿಡ್ಬೇಕೇನ್ರಿ?"

"ಪೂಜೆ ಬಿಡಿ ಅಂತಿಲ್ಲ. ಬೆಳಿಗ್ಗೆ ಸ್ನಾನ ಆದ್ಮೇಲೆ ಕೂತು ಮಾಡ್ತೀರಲ್ಲ, ಅದು ಪೂಜೆ. ಇದು ಪೂಜೆ ಅಲ್ಲ ಅಂತ ನಿಮಗೂ ಗೊತ್ತು."

"ಗೊತ್ತೈತಿ" ಎಂದರು ಅವರು, ಕಳ್ಳತನ ಒಪ್ಪಿಕೊಂಡವರ ಹಾಗೆ. "ಆದ್ರ ಕೈಗೆ ಗೊತ್ತಿಲ್ಲ ನೋಡ್ರಿ." ಕೈಯನ್ನು ಇನ್ನೊಬ್ಬರ ಕೈಯೆಂಬಂತೆ ಎಡಗೈಯಿಂದ ಎತ್ತಿ ಮೊಣಕಾಲ ಮೇಲಿಟ್ಟರು. ಆ ಕೈ ಅಲ್ಲಿ ಅಂಗಾತ ಬಿದ್ದುಕೊಂಡಿತು. ಅನಘಾ ಅದನ್ನೇ ನೋಡಿದಳು. ಶಿವಕಿರಣ್‌ನನ್ನು ಗುಣಿಯಲ್ಲಿ ಪದ್ಮಾಸನ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಬೆರಳುಗಳನ್ನು ಮಡಚುವಾಗ ಅವು ಮಡಚಿಕೊಳ್ಳಲಿಲ್ಲ. ಅಯ್ಯನವರು ಇನ್ನೊಂದು ಸಲ ಪ್ರಯತ್ನಿಸಿ ಬಿಟ್ಟುಬಿಟ್ಟರು. ಮೇಲೆ ನಿಂತಿದ್ದ ಅವಳಿಗೆ ಆಗ ಬಂದ ಯೋಚನೆ, ಇವನಿಗೆ ಮಂಡಿ ನೋವಿತ್ತಲ್ಲ, ಹೀಗೆ ಕೂರುವುದು ಕಷ್ಟ ಎಂಬುದು. ಬೇರೇನೂ ಬರಲಿಲ್ಲ. ದಾವಣಗೆರೆಯ ದೊಡ್ಡತ್ತೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಮನಸ್ಸಿನ ಡಾಕ್ಟ್ರಂತೆ. ಒಂದು ಹನಿ ಕಣ್ಣೀರು ಬಂತಾ ನೋಡು." ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್, ಎಂದು ತಿದ್ದಬೇಕೆನಿಸಿತ್ತು.

"ಎಷ್ಟಿದೆ ಈಗ?"

"ಅಷ್ಟ ಐತಿ. ತೊಂಬತ್ತೈದು."

ಅವರು ರಾಣೆಬೆನ್ನೂರಿನ ಕಡೆಯವರು. ಮೂವತ್ತೆರಡು ವರ್ಷ ವಿದ್ಯುತ್ ಕೆಲಸ. ಕೊನೆಯ ಹತ್ತು ವರ್ಷ ಬೆಂಗಳೂರಿನಲ್ಲಿ, ಸಬ್‌ಸ್ಟೇಷನ್ನಿನ ಫೋನಿನ ಮುಂದೆ. ಮಗಳು ಚೈತನ್ಯಾ ಮೈಸೂರಿನಲ್ಲಿದ್ದಾಳೆ, ಮೂಡಲಪಾಳ್ಯದ ಮನೆಯಲ್ಲಿ ಇವರು, ಹೆಂಡತಿ ಹೊನ್ನವ್ವ. ನಿವೃತ್ತಿಯಾದ ಎರಡನೇ ತಿಂಗಳಿಗೆ ಶುರುವಾಯಿತು. ಹಾಲು ತರಲು ಹೋದವರು ಅರ್ಧ ದಾರಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದರು. "ಅದೀನಿ" ಎಂದರು ಆಕೆ, ಇದ್ದೇನೆ ಎಂದು. ಇನ್ನೊಂದು ಸಲ ಹೇಳು ಎಂದರು. "ಅದೀನಿ ಅಂದ್ನೆಲ್ಲ." ಆ ಎರಡನೆಯದನ್ನು ಸಿಡುಕಿನಿಂದ ಹೇಳಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ, ಮತ್ತೆ ಫೋನ್ ಮಾಡಿದರು. ಈ ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಹದಿನೈದು ನಿಮಿಷಕ್ಕೊಂದು ಫೋನ್, ಫೋನಿಗೆ ಎರಡು ಅದೀನಿ. ಮೊದಲ ದಿನ ಅನಘಾ ಯಾಕೆ ಎರಡು ಎಂದು ಕೇಳಿದಾಗ ಅವರು ಕುರ್ಚಿಯಲ್ಲಿ ನೆಟ್ಟಗಾದರು. ಕಂಬ ಹತ್ತುವ ಮುಂಚೆ ಲೈನ್‌ಮನ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೊಳ್ಳಬೇಕು. ಇಲ್ಲಿ ಕರೆಂಟ್ ತೆಗೆದು, ತೆಗೆದಿದೆ ಎಂದು ಹೇಳಬೇಕು. ಅವನು ಅದನ್ನೇ ತಿರುಗಿ ಹೇಳಬೇಕು, ಇವರು ಹೌದು ಎಂದು ಇನ್ನೊಮ್ಮೆ ಹೇಳಬೇಕು. ಆಮೇಲೆಯೇ ಕಂಬಕ್ಕೆ ಕಾಲು. "ಒಂದ್ ಸಲ ಹೇಳಿದ್ದು ಮಾತು ಮೇಡಂ. ಎರಡು ಸಲ ಹೇಳಿದ್ದು ಲೈನ್ ಕ್ಲಿಯರ್. ಒಬ್ಬಾಂವ ಫೋನ್ ಮಾಡದ ಹತ್ತಿದ್ದ. ವಿಠ್ಠಲ ಅಂತ. ಇಳಸಾಕ ನಾನ ಹೋಗಿದ್ದೆ." ಅವರ ಹಾಳೆಯಲ್ಲಿ ಸಾಕ್ಷಿಯ ಕಾಲಮ್ಮಿನಲ್ಲಿ ಬರೆದದ್ದು ಅದೊಂದೇ ಹೆಸರು. ವಿರುದ್ಧ ಸಾಕ್ಷಿಯ ಕಡೆ ಅನಘಾ ಅವರಿಂದಲೇ ಬರೆಸಿದ್ದಳು: ಹೊನ್ನವ್ವ ಕರೆಂಟಿನ ಕಂಬ ಹತ್ತುವುದಿಲ್ಲ. ಬರೆದು ಅವರೇ ನಕ್ಕಿದ್ದರು. ನಕ್ಕು, ಹೊರಗೆ ಹೋಗಿ ಮೆಟ್ಟಿಲ ಮೇಲಿಂದ ಫೋನ್ ಮಾಡಿದ್ದರು.

ಹೋದ ವಾರ ಹೊನ್ನವ್ವ ಒಬ್ಬರೇ ಬಂದಿದ್ದರು. ದಪ್ಪ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಸಂಚಿ, ಸಂಚಿಯೊಳಗೆ ಫೋನ್. "ಸ್ನಾನದ ಮನಿಗೂ ಒಯ್ತೀನ್ರಿ ಇದನ್ನ" ಎಂದರು. "ಮೈಗೆ ಸೋಪು ಹಚ್ಚಿಕೊಂಡು ಅದೀನಿ, ಅದೀನಿ ಅಂತೀನಿ. ನಮ್ಮಣ್ಣ ಊರಾಗ ಬಾ ಅಂತಾನ. ಈ ತಿಂಗಳು ನೋಡ್ತೀನಿ ಮೇಡಂ. ಕಡಿಮಿ ಆಗ್ಲಿಲ್ಲಂದ್ರ ಹೋಗ್ತೀನಿ, ಖರೇನ ಹೋಗ್ತೀನಿ. ಅಲ್ಲಿ ಫೋನ್ ಇಟ್ಕೊಳ್ಳೂದಿಲ್ಲ." ಕೋಪದಿಂದ ಹೇಳಲಿಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದರು, ಅದಕ್ಕೇ ನಿಜ ಎನಿಸಿತು. ಅನಘಾ ಇವತ್ತಿನ ತೊಂಬತ್ತು ನಿಮಿಷವನ್ನು ವಿವರಿಸಿದಳು. ಗುರುವಾರ ಹನ್ನೊಂದಕ್ಕೆ ನೀವು ಮನೆ ಬಿಟ್ಟು ಹೊರಗೆ ಹೋಗಿ. ಎಲ್ಲಿಗೆ ಅಂತ ಅವರಿಗೆ ಹೇಳಬೇಡಿ. ಹನ್ನೆರಡೂವರೆಯವರೆಗೆ ಯಾರ ಫೋನ್ ಬಂದರೂ ಎತ್ತಬೇಡಿ. "ಯಾರ್ದೂ?" ಎಂದು ಹೊನ್ನವ್ವ ಕೇಳಿದಾಗ ಅವಳು ತಮಾಷೆಗೆಂದೇ ಹೇಳಿದ್ದು: "ನಾನೇ ಮಾಡಿದ್ರೂ ಎತ್ಬೇಡಿ."

ಹನ್ನೊಂದೂಕಾಲಕ್ಕೆ ಅವರು ಬೆವರುತ್ತಿದ್ದರು. ಟವೆಲು ತೆಗೆದು ಕತ್ತು ಒರೆಸಿಕೊಂಡು, ಅದನ್ನು ಮಡಚಿ, ಮತ್ತೆ ಬಿಡಿಸಿದರು. ಮನಸ್ಸಿನಲ್ಲಿ ಏನು ಕಾಣಿಸುತ್ತಿದೆ, ಹೇಳಿ ಎಂದಳು. ಕಣ್ಣು ಮುಚ್ಚಿ ಹೇಳಿದರು: ಅಡುಗೆಮನೆ, ನೆಲ, ಉರುಳಿಬಿದ್ದ ಚೊಂಬು, ಸೆರಗು. ಇನ್ನೂ ಹೇಳಿ ಎಂದಳು. ಹೇಳಿದರು. ಅವರ ದನಿ ಒಡೆದಾಗ ಅವಳು ಸಮಾಧಾನ ಮಾಡಲಿಲ್ಲ, ಮಾಡಬಾರದು. ಏನೂ ಆಗಿರುವುದಿಲ್ಲ ಬಿಡಿ ಎಂಬ ಮಾತು ಇಲ್ಲಿ ವಿಷ, ಅದೂ ಇನ್ನೊಂದು ಅದೀನಿಯೇ ಆಗಿಬಿಡುತ್ತದೆ ಎಂದು ಅವಳೇ ಎಂ.ಎಸ್ಸಿ. ಹುಡುಗಿಯರಿಗೆ ಪಾಠ ಮಾಡಿದ್ದಾಳೆ. ಹೀಗೆ ಸುಮ್ಮನೆ ಕೂರುವುದು ಬೇರೆಯವರಿಗೆ ಕಷ್ಟ. ಟ್ರೈನಿಂಗಿನಲ್ಲಿ ಎಷ್ಟೋ ಜನ ಎದ್ದು ನೀರು ಕೊಟ್ಟುಬಿಡುತ್ತಾರೆ. ಅವಳಿಗೆ ಈಚೆಗೆ ಇದು ಸುಲಭವಾಗಿತ್ತು. ಅನಘಾ ತುಂಬ ಸ್ಟೆಡಿ ಎಂದು ಪ್ರಭಾ ಹೋದ ತಿಂಗಳು ಯಾರಿಗೋ ಹೇಳುತ್ತಿದ್ದರು.

ಅವರು ಕಣ್ಣು ಬಿಟ್ಟು ನೇರ ಅವಳನ್ನೇ ನೋಡಿದರು. "ಒಂದು ಕೇಳ್ತೀನಿ, ಖರೇ ಹೇಳ್ರಿ. ನೀವು ಇಷ್ಟು ಮಂದೀನ್ನ ನೋಡೀರಿ. ಫೋನಿನ್ಯಾಗ ಮಾತಾಡಲಾರದ್ದಕ್ಕ ಯಾರ್ದರ ಜೀವ ಹೋಗಿದ್ದು, ನಿಮಗ ಗೊತ್ತಿದ್ದೋರೊಳಗ, ಐತೇನು?"

ಇದಕ್ಕೆ ಉತ್ತರ ಕೊಡಬಾರದು. ಪುಸ್ತಕ ಬೇಡ, ಅನುಭವವೇ ಸಾಕು: ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಏನಾಗುತ್ತದೆ ಅನ್ನಿಸುತ್ತಿದೆ ನಿಮಗೆ ಎಂದು ತಿರುಗಿ ಕೇಳಬೇಕು. ಅವಳ ಬಾಯಿಂದ ಬಂದದ್ದು, "ಇಲ್ಲ. ಯಾರಿಗೂ ಆಗಿಲ್ಲ." ಸಲೀಸಾಗಿ ಬಂತು. ಅವರ ಮುಖ ಸಡಿಲವಾಯಿತು. "ಹಂಗಂದ್ರ ಎಂಬತ್ತು ಬರೀರಿ" ಎಂದರು. ಅನಘಾ ಬರೆದಳು. ಎಂಟರ ಎರಡು ಸುತ್ತುಗಳು ಒಂದಕ್ಕೊಂದು ಸರಿಯಾಗಿ ಕೂಡಲಿಲ್ಲ, ತಿದ್ದಿ ಬರೆದಳು.

ಹದಿನಾಲ್ಕು ತಿಂಗಳ ಹಿಂದೆ ಅವತ್ತೂ ಇದೇ ಮೇಜು. ಫೋನು ಬೆನ್ನು ಮೇಲಾಗಿ ಮಲಗಿತ್ತು, ಸೈಲೆಂಟಿನಲ್ಲಿ, ಆದರೂ ಮರದ ಮೇಲೆ ಗುಂಯ್ ಎಂದು ಸರಿದಾಡಿತು. ಎದುರು ಯಾರೋ ಹೆಂಗಸು ಅಳುತ್ತಿದ್ದಳು. ಆ ಹೆಂಗಸಿನ ಮುಖ ಈಗ ನೆನಪಿಲ್ಲ. ಅನಘಾ ಫೋನನ್ನು ಅರ್ಧ ಮಗುಚಿ ನೋಡಿದಳು. ಶಿವಕಿರಣ್. ಹಿಂದಿನ ಸಂಜೆ ಅವನ ಗೆಳೆಯರು ಊಟಕ್ಕೆ ಬಂದಾಗ, ಚಪಾತಿ ಬಡಿಸುತ್ತಿದ್ದ ಅವಳ ಮುಂದೆಯೇ ಅವನು, "ಇವಳು ಗಂಟೆ ಲೆಕ್ಕದಲ್ಲಿ ಮಾತ್ರ ಕೇಳಿಸ್ಕೊಳ್ಳೋದು ಗುರು, ಮನೆಯವರಿಗೆ ಅಪಾಯಿಂಟ್‌ಮೆಂಟ್ ಸಿಗಲ್ಲ" ಎಂದಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕು ಇನ್ನೊಂದು ಚಪಾತಿ ಹಾಕಿದಳು. ಬೆಳಿಗ್ಗೆ ಮಾತಾಡದೆ ಬಂದಿದ್ದಳು. ಫೋನು ಮತ್ತೆ ಬೆನ್ನು ಮೇಲಾಯಿತು. ಸೆಷನ್ನಿನಲ್ಲಿ ಎತ್ತಬಾರದು ಎಂಬ ನಿಯಮವೇನೋ ಇತ್ತು. ಆದರೆ ನಿಯಮದಿಂದ ಎತ್ತಲಿಲ್ಲ ಎಂದು ಅವಳು ಹಾಳೆಯಲ್ಲಿ ಬರೆದದ್ದು ಪೂರ್ತಿ ಸರಿಯಲ್ಲ. ಮಾಡಲಿ, ಸ್ವಲ್ಪ ಹೊತ್ತು ಮಾಡುತ್ತಿರಲಿ ಎಂದುಕೊಂಡದ್ದನ್ನು ಬರೆಯಲು ಆ ಹಾಳೆಯಲ್ಲಿ ಕಾಲಮ್ ಇರಲಿಲ್ಲ. ಎರಡು ನಿಮಿಷಕ್ಕೆ ಎರಡನೆಯದು, ಇನ್ನೇಳು ನಿಮಿಷಕ್ಕೆ ಮೂರನೆಯದು. ಕೆಂಗೇರಿ ರಸ್ತೆಯ ಪಕ್ಕ ಕಾರು ನಿಲ್ಲಿಸಿ ಮಾಡಿದ್ದ. ಯಾರೋ ಆಟೋದವರು ಆಸ್ಪತ್ರೆಗೆ ಹಾಕಿದರು. ಮಧ್ಯಾಹ್ನ ಸುದ್ದಿ ಬರುವವರೆಗೂ ಅವಳಿಗೆ ಒಂದು ಸಣ್ಣ ಗೆಲುವಿನ ಹಾಗೆ ಅನ್ನಿಸುತ್ತಿತ್ತು.

ಹನ್ನೆರಡಕ್ಕೆ ಅವಳು ಎದ್ದಳು. ಕೊನೆಯ ಅರ್ಧ ಗಂಟೆ ಅವರೊಬ್ಬರೇ ಇರಬೇಕೆಂದು ಮೊದಲೇ ಮಾತಾಗಿತ್ತು. ಎದುರು ಮೇಡಂ ಕೂತಿರುವುದೂ ಒಂದು ಊರುಗೋಲು. "ಎಪ್ಪತ್ತು" ಎಂದು ಅವಳು ಕೇಳುವ ಮೊದಲೇ ಅವರು ಹೇಳಿದರು. "ಹೋಗ್ರಿ, ನಾ ಕುಂದರ್ತೀನಿ. ಆ ಡ್ರಾಯರ್ ಮುಟ್ಟಿದ್ರ ನನ್ನ ಹೆಸರು ಚನ್ನಮಲ್ಲಪ್ಪ ಅಲ್ಲ." ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ರಿಸೆಪ್ಷನ್ನಿನ ವಚನಾ ತಲೆಯೆತ್ತದೆ, "ಕಾಫಿ ಫ್ಲಾಸ್ಕಲ್ಲಿದೆ ಮೇಡಂ" ಎಂದಳು. ಹಿಂದುಗಡೆಯ ಚಿಕ್ಕ ಅಡುಗೆಮೂಲೆಯಲ್ಲಿ ಸಿಂಕು, ಗ್ಯಾಸ್, ಯಾರೂ ತೊಳೆಯದ ಎರಡು ಲೋಟ. ಒಂದು ಲೋಟ ತೊಳೆದಳು. ಕಾಫಿ ಬಗ್ಗಿಸಿಕೊಂಡಳು. ಅವರು ಹೇಳಿದ ಅಡುಗೆಮನೆ ಕಾಣಿಸಿತು, ಅವರ ಅಡುಗೆಮನೆಯನ್ನು ಅವಳು ಎಂದೂ ನೋಡಿದವಳಲ್ಲ, ಆದರೂ ಕಾಣಿಸಿತು. ನೆಲ, ಚೊಂಬು, ಸೆರಗು. ಆ ಸಂಚಿ. ಹೊನ್ನವ್ವ ಎಷ್ಟು ಗಂಟೆಗೆ ಹೊರಟರೋ. ಹೊರಟರೋ ಇಲ್ಲವೋ. ಹೊರಟಿದ್ದಾರೋ ಇಲ್ಲವೋ ಎಂದು ತಿಳಿದುಕೊಳ್ಳುವುದರಲ್ಲಿ ತಪ್ಪೇನಿದೆ, ಏರ್ಪಾಡು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಕೆಲಸದ ಭಾಗವೇ. ಹೀಗೆ ಯೋಚಿಸುತ್ತಿರುವಾಗಲೇ ನಂಬರು ಒತ್ತಿ ಆಗಿತ್ತು.

ರಿಂಗಾಯಿತು. ಪೂರ್ತಿ ಆಗಿ ನಿಂತಿತು. ಎತ್ತಬಾರದು ಎಂದು ಹೇಳಿದ್ದೇನಲ್ಲ, ಎತ್ತುವುದಿಲ್ಲ, ಸರಿ. ಫೋನು ಜೇಬಿಗಿಟ್ಟಳು. ಕಾಫಿ ಕುಡಿದಳು. ಎತ್ತಬಾರದು ಎಂದು ಎತ್ತದವರೂ, ಎತ್ತಲಾಗದೆ ಎತ್ತದವರೂ ಈ ಕಡೆಯಿಂದ ಕೇಳುವಾಗ ಒಂದೇ ಥರ ರಿಂಗಾಗುತ್ತಾರೆ. ಎರಡನೇ ಸಲ ಮಾಡಿದಳು. ಒತ್ತುವಾಗ ಪರದೆ ಒದ್ದೆಯಾಯಿತು. ಲೋಟ ತೊಳೆದ ನೀರೆಂದುಕೊಂಡು ಕೈಯನ್ನು ಕುರ್ತಾಕ್ಕೆ ಒರೆಸಿಕೊಂಡಳು. ಮತ್ತೆ ಒದ್ದೆಯಾಯಿತು. ನೀರಲ್ಲ. ಎದೆಯೊಳಗೆ ಏನೋ ಬಡಿಯುತ್ತಿತ್ತು, ಯಾವುದೋ ಮನೆಯ ಬಾಗಿಲನ್ನು ಯಾರೋ ಬಡಿಯುವುದು ದೂರದಿಂದ ಕೇಳಿಸುವ ಹಾಗೆ. ಅವಳು ಗೋಡೆಗೆ ಒರಗಿದಳು. ಅವತ್ತು ಶಿವಕಿರಣ್‌ಗೆ ಅವನ ಕಡೆಯಿಂದ ಹೀಗೆ ಕೇಳಿಸಿರಬೇಕು. ಕಾರಿನೊಳಗೆ, ಕಿಟಕಿ ಏರಿಸಿಕೊಂಡು, ಹೀಗೆ, ಒಂದಾದ ಮೇಲೊಂದು, ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು. ಹದಿನಾಲ್ಕು ತಿಂಗಳು ಅವಳು ಆ ಮೇಜಿನ ಕಡೆಯಲ್ಲಿ, ಎತ್ತದವಳ ಕಡೆಯಲ್ಲಿ ಮಾತ್ರ ಕೂತಿದ್ದಳು. ಮೂರನೆಯ ಸಲ ರಿಂಗಾಗುತ್ತಿರುವಾಗ ವಚನಾ ಹಿಂದಿನಿಂದ, "ಮೇಡಂ, ಸಕ್ಕರೆ ಮೇಲಿನ ಡಬ್ಬೀಲಿದೆ" ಎಂದಳು. ಅನಘಾ ಫೋನು ಕತ್ತರಿಸಿ, "ಬೇಡ, ಹಾಕಿದೀನಿ" ಎಂದಳು. ಹಾಕಿರಲಿಲ್ಲ.

ಹನ್ನೆರಡೂವರೆಗೆ ಬಾಗಿಲು ತೆಗೆದಾಗ ಚನ್ನಮಲ್ಲಪ್ಪನವರು ನಿದ್ದೆ ಮಾಡುತ್ತಿದ್ದರು. ತಲೆ ಒಂದು ಕಡೆಗೆ ವಾಲಿತ್ತು, ಬಾಯಿ ತೆರೆದಿತ್ತು, ಎರಡು ಕೈಯೂ ಮೊಣಕಾಲ ಮೇಲೆಯೇ. ಡ್ರಾಯರು ಮುಚ್ಚಿತ್ತು. ಅವಳ ಸದ್ದಿಗೆ ಎದ್ದು, ನಾಚಿಕೊಂಡು, ಬಾಯಿ ಒರೆಸಿಕೊಂಡರು. "ಕಣ್ಣು ಹತ್ತಿಬಿಟ್ಟಿತ್ತಲ್ರಿ. ಮನ್ಯಾಗೂ ಹಿಂಗ ಮಲಗಿಲ್ಲ ಎರಡು ವರ್ಷ." ಎಷ್ಟು ಎಂದು ಅವಳು ಕೇಳಲಿಲ್ಲ, ಮರೆತಳು. ಅವರೇ ಹೇಳಿದರು, "ಇಪ್ಪತ್ತು ಇರಬೇಕು. ಇಪ್ಪತ್ತೂ ಇಲ್ಲ ತಗೋರಿ." ಅವರ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಬೆಳಕಿತ್ತು. ಅನಘಾ ಪೆನ್ನು ಹುಡುಕುತ್ತಿರುವಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ವಚನಾಳ "ಅಮ್ಮಾ, ಒಳಗೆ ಸೆಷನ್..." ಎಂಬ ಮಾತು, ಅದನ್ನು ದಾಟಿಕೊಂಡು ಹೊನ್ನವ್ವ. ಸೆರಗು ಜಾರಿತ್ತು. ಉಸಿರು ಸಿಗುತ್ತಿರಲಿಲ್ಲ. ಗಂಡನನ್ನು ನೋಡಿದರು, ತಲೆಯಿಂದ ಕಾಲಿನವರೆಗೆ ನೋಡಿದರು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಏನಾಗಿಲ್ಲಲ್ರಿ ಇವ್ರಿಗೆ? ಹಂಗಾದ್ರ ಯಾಕ ಮಾಡಿದ್ರಿ ಮೇಡಂ? ಮೊದಲನೇ ಸಲ ಬಂದಾಗ ಪರೀಕ್ಷಾ ಮಾಡಾಕತ್ತಾರ ಅಂದ್ಕೊಂಡೆ. ನಾನ ಮಾಡಿದ್ರೂ ಎತ್ತಬ್ಯಾಡ ಅಂದಿದ್ರೆಲ್ಲ. ಎರಡನೇದಕ್ಕೂ ಎತ್ತಲಿಲ್ಲ, ಗಟ್ಟಿ ಹಿಡಕೊಂಡು ನಿಂತೆ. ಮೂರನೇದು ಬಂತು ನೋಡ್ರಿ, ಮೂರು ಸಲ ಯಾರೂ ಪರೀಕ್ಷಾ ಮಾಡೂದಿಲ್ಲ. ಅಲ್ಲೇ ಆಟೋ ಹತ್ತಿದೆ."

ಚನ್ನಮಲ್ಲಪ್ಪನವರು ಹೆಂಡತಿಯನ್ನು ನೋಡಲಿಲ್ಲ. ಅನಘಾಳನ್ನು ನೋಡಿದರು. "ನೀವು ಮಾಡಿದ್ರೇನು?"

ಮುಂದಿನ ವಾರದ ಟೈಮ್ ಹೇಳಲು ಮಾಡಿದ್ದೆ ಎನ್ನಬಹುದಿತ್ತು. ತಪ್ಪಿ ಒತ್ತಿಹೋಯಿತು ಎನ್ನಬಹುದಿತ್ತು. ಹಾಗೆಂದರೆ ಇಪ್ಪತ್ತು ಇಪ್ಪತ್ತಾಗಿಯೇ ಉಳಿಯುತ್ತದೆ. ಏಳು ವಾರದ ಕೆಲಸ, ಹೊನ್ನವ್ವನವರ ಈ ತಿಂಗಳು, ಎಲ್ಲ ಉಳಿಯುತ್ತದೆ. ಹಾಳಾಗುವುದು ಏನೂ ಇಲ್ಲ, ಆ ಇಪ್ಪತ್ತರ ಕೆಳಗೆ ಅವಳ ಒಂದು ಸುಳ್ಳಿರುತ್ತದೆ ಅಷ್ಟೆ. ಯಾವತ್ತಾದರೂ ಅವರ ಬೀದಿಯಲ್ಲಿ ಯಾರಾದರೂ ಸತ್ತ ದಿನ ಅವರು ಆ ಸುಳ್ಳಿನ ಮೇಲೆ ಕಾಲಿಡುತ್ತಾರೆ. "ಹೌದು" ಎಂದಳು. "ನಾನೇ ಮಾಡಿದೆ. ಮೂರು ಸಲ. ಕೂತ್ಕೊಳ್ಳಿ ಅಮ್ಮ." ಹೊನ್ನವ್ವ ಕೂತರು. "ಆಗ ನೀವು ಕೇಳಿದ್ರಲ್ಲ, ಗೊತ್ತಿರೋರಲ್ಲಿ ಯಾರಿಗಾದ್ರೂ ಆಗಿದ್ಯಾ ಅಂತ. ಇಲ್ಲ ಅಂದೆ. ಅದು ಸುಳ್ಳು. ನನ್ನ ಗಂಡ ಫೋನ್ ಮಾಡಿದ್ರು. ನಾನು ಇಲ್ಲೇ ಕೂತಿದ್ದೆ, ಎತ್ತಲಿಲ್ಲ. ಬೇಕಂತಲೇ ಎತ್ತಲಿಲ್ಲ, ಕೋಪ ಇತ್ತು. ಅವತ್ತು ಹೋಗಿಬಿಟ್ರು."

ಕೆಳಗೆ ಪಾತ್ರೆಯ ಸದ್ದು ನಿಂತಿತ್ತು. ಮೆಟ್ರೋ ಒಂದು ಹೊಸಹಳ್ಳಿಯ ಕಡೆಗೆ ಹೋಯಿತು, ಕಿಟಕಿಯ ಗಾಜು ಸ್ವಲ್ಪ ಅದುರಿತು. ಹೊನ್ನವ್ವ ಶಿವನೇ ಎಂದರು, ತೀರ ಮೆಲ್ಲಗೆ. ಅವರ ಕಣ್ಣು ಅನಘಾಳ ಹಣೆಯ ಮೇಲೆ, ಕೊರಳಿನ ಮೇಲೆ ಹೋಗಿ, ಇಷ್ಟು ವಾರ ನೋಡದ್ದನ್ನು ನೋಡಿ, ಕೆಳಗಿಳಿಯಿತು.

"ಹಂಗಂದ್ರ ಆಗೂದೂ ಐತಿ" ಎಂದರು ಚನ್ನಮಲ್ಲಪ್ಪ.

"ಇದೆ."

"ಮೊದಲ ಯಾಕ ಹೇಳಲಿಲ್ರಿ?" ಅವರ ದನಿ ಏರಿತ್ತು. "ಇಲ್ಲ ಅಂದ್ರಿ, ನಂಬಿ ಮಲಗಿದೆ ನಾನು. ನಿಮ್ಮ ಮಾತಿನ ಮ್ಯಾಲ ಮಲಗಿದೆ!"

"ಹೌದು. ತಪ್ಪು ಮಾಡಿದೆ." ಅವಳು ಮೇಜಿನ ಅಂಚು ಹಿಡಿದುಕೊಂಡಿದ್ದಳು. "ಅವರು ಮಾಡಿದಾಗ ನಾನು ಎತ್ತಿದ್ರೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರು ಹೇಳಿದಾರೆ. ಇವತ್ತು ಅಮ್ಮ ಎತ್ತಲಿಲ್ಲ, ಇಲ್ಲಿ ಕೂತಿದಾರೆ. ಫೋನಿಗೂ ಜೀವಕ್ಕೂ ತಂತಿ ಎಳೆದಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದೂ ಅಲ್ಲಿ ನಿಂತು ಮೂರು ಸಲ ಮಾಡಿದೆ. ಏನೂ ಆಗಲ್ಲ ಅಂತ ನಾನು ನಿಮಗೆ ಹೇಳಕ್ಕಾಗಲ್ಲ. ಯಾರಿಗೂ ಹೇಳಕ್ಕಾಗಲ್ಲ. ನೀವು ಬೇರೆ ಕೌನ್ಸೆಲರ್ ಹತ್ರ ಹೋಗ್ತೀನಿ ಅಂದ್ರೆ ಪ್ರಭಾ ಮೇಡಂಗೆ ನಾನೇ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ."

ಚನ್ನಮಲ್ಲಪ್ಪನವರು ಟವೆಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡರು. ಡ್ರಾಯರು ಎಳೆದು ತಮ್ಮ ಫೋನು ತೆಗೆದು, ಪರದೆಯನ್ನು ನೋಡದೆ ಜೇಬಿಗೆ ಹಾಕಿದರು. ಅಷ್ಟರಲ್ಲಿ ಹೊನ್ನವ್ವ ತಮ್ಮ ಬರಿಗೈ ಕಂಡು, ಅತ್ತಿತ್ತ ನೋಡಿ, "ಅಯ್ಯ, ಕಾಯಿಪಲ್ಲೆ ಚೀಲ!" ಎಂದರು. "ಮಾರೇನಹಳ್ಳಿ ಮಾರ್ಕೆಟ್ಟಿನ್ಯಾಗ ಬಿಟ್ಟು ಬಂದೀನಿ, ಸೊಪ್ಪಿನಾಕಿ ಮುಂದ. ಮೆಂತ್ಯ ಎಲ್ಲ ಬಾಡತೈತಿ. ಹೋಗಿ ತರ್ತೀನಿ."

"ನಾನೂ ಬರ್ತೀನಿ" ಎಂದು ಅವರು ಎದ್ದರು. ಎದ್ದವರು ಅಲ್ಲೇ ನಿಂತರು. ಹೆಂಡತಿಯ ಮುಖ ನೋಡಿದರು. ಅಲ್ಲಿ ಬೇಡ ಎಂದೂ ಇರಲಿಲ್ಲ, ಬಾ ಎಂದೂ ಇರಲಿಲ್ಲ. ಆಕೆ ಸುಮ್ಮನೆ ಕಾಯುತ್ತಿದ್ದರು. "ಹೋಗಿ ಬಾ" ಎಂದರು. "ನಾ ಮನೀಗೆ ಹೋಗ್ತೀನಿ."

"ಅನ್ನಕ್ಕ ಇಡ್ರಿ ಹೋಗಿ. ಎರಡು ಸೀಟಿ. ನಿಮ್ಮ ಲೆಕ್ಕದಾಗ ನಾಲ್ಕು ಹೊಡಸಬ್ಯಾಡ್ರಿ" ಎಂದರು ಹೊನ್ನವ್ವ. ಅನಘಾಳ ಹತ್ತಿರ ಬಂದು, ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈಯನ್ನು ಒಂದು ಕ್ಷಣ ಇಟ್ಟು ತೆಗೆದರು. ಬೆಚ್ಚಗಿತ್ತು, ಸೊಪ್ಪಿನ ವಾಸನೆಯಿತ್ತು. ಮೆಟ್ಟಿಲಿಳಿದು ಹೋದರು. ಬಾಗಿಲವರೆಗೆ ಹೋದ ಚನ್ನಮಲ್ಲಪ್ಪನವರು, "ಮುಟ್ಟಿದ ಮ್ಯಾಲ ಒಂದು ಫೋ..." ಎಂದು ಮೆಟ್ಟಿಲ ಕಡೆಗೆ ಕೂಗಲು ಶುರುಮಾಡಿದರು. ಉಳಿದದ್ದನ್ನು ಕೂಗಲಿಲ್ಲ. ಬಾಯಿ ಮುಚ್ಚಿಕೊಂಡು, ಗಂಟಲು ಸರಿಪಡಿಸಿಕೊಂಡು, ತಿರುಗಿ ಇವಳ ಕಡೆ ನೋಡದೆ ವಚನಾಳನ್ನು ಕೇಳಿದರು, "ಬರೂ ಗುರುವಾರ ಮೇಡಂ ಇರ್ತಾರೇನವಾ? ಹನ್ನೊಂದಕ್ಕ ಬರಕೋ ಹಂಗಾರ."

ಅನಘಾ ಕಿಟಕಿಯ ಹತ್ತಿರ ಬಂದು ನಿಂತಳು. ಬಿಸಿಲು ರಸ್ತೆಯ ಮೇಲೆ ನೇರವಾಗಿ ಬಿದ್ದಿತ್ತು. ಚನ್ನಮಲ್ಲಪ್ಪನವರು ಈ ಕಡೆಯ ಫುಟ್‌ಪಾತಿನಲ್ಲಿ ಮೂಡಲಪಾಳ್ಯದ ದಿಕ್ಕಿಗೆ ನಡೆದುಹೋಗುತ್ತಿದ್ದರು. ಎಳನೀರಿನ ಗಾಡಿ ದಾಟಿದರು, ಮುಂದಿನ ತಿರುವಿನಲ್ಲಿ ಕಾಣದಾದರು. ಹೊನ್ನವ್ವ ರಸ್ತೆ ದಾಟಲು ಅಂಚಿನಲ್ಲಿ ನಿಂತಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡರು, ಒಂದು ಹೆಜ್ಜೆ ಇಟ್ಟರು, ಬೈಕಿಗೆ ಹೆದರಿ ಹಿಂದೆ ಬಂದರು, ಮತ್ತೆ ಇಳಿದು ಓಡುನಡಿಗೆಯಲ್ಲಿ ನಡುವಿನ ಕಲ್ಲುಕಟ್ಟೆಯವರೆಗೆ ಹೋದರು. ಆ ಕಡೆಯ ಅರ್ಧ ಬಾಕಿ ಇತ್ತು. ಕಟ್ಟೆ ಇಳಿದರು. ಆಗಲೇ ಉದ್ದನೆಯ ಬಸ್ಸೊಂದು ಬಂದು ಸಿಗ್ನಲ್ಲಿಗೆ ನಿಂತಿತು, ಅನಘಾಳಿಗೂ ಅವರಿಗೂ ಅಡ್ಡವಾಗಿ. ಬಸ್ಸಿನ ಕಿಟಕಿಗಳಲ್ಲಿ ಜನ ತಮ್ಮ ತಮ್ಮ ಫೋನು ನೋಡುತ್ತಿದ್ದರು. ಅವಳು ಗಾಜಿಗೆ ಅಂಗೈ ಒತ್ತಿ ನಿಂತಳು. ಬಸ್ಸು ಹೋದ ಮೇಲೆ ಆ ದಡದಲ್ಲಿ ಒಂದು ಸೆರಗು ಕಾಣುತ್ತದೆ, ಕಂಡರೆ ಸಾಕು. ಎಷ್ಟು ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳ ಹತ್ತಿರ ಈಗ ಒಂದು ಅಂಕಿಯಿತ್ತು, ದೊಡ್ಡದು. ಸಿಗ್ನಲ್ ಇನ್ನೂ ಕೆಂಪಿತ್ತು. ಅವಳು ಕೈ ತೆಗೆದಳು. ಕಿಟಕಿಗೆ ಬೆನ್ನು ಮಾಡಿದಳು. ಐದು ಹೆಜ್ಜೆ ನಡೆದು ತನ್ನ ಕುರ್ಚಿಯಲ್ಲಿ ಕೂತಳು.

"ವಚನಾ, ನೆಕ್ಸ್ಟ್ ಯಾರು?"

ಪರೀಕ್ಷೆಗೆ ಹೆದರುವ ಹುಡುಗಿ, ದಿವ್ಯ, ಒಳಗೆ ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಈ ವಾರ ಏನೇನಾಯಿತು ಎಂದು ಹೇಳತೊಡಗಿದಳು. ಹಿಂದೆ, ಕೆಳಗೆ, ಬಸ್ಸಿನ ಎಂಜಿನ್ನು ನಿಂತಲ್ಲೇ ಗುಡುಗುಟ್ಟುತ್ತಿತ್ತು. ಅನಘಾ ಆ ಹುಡುಗಿಯ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು. ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿತ್ತು.